ತಿಪ್ಪಣ್ಣನ ಕೌದಿ

ಅಫಜಲಪುರ
8 ಜನವರಿ 2024

ಮಗಳು ಸಪ್ನಾಗೆ ಪೀರಪ್ಪ ಕಾಕಾನ ಜೈಭೀಮ.

ಇಲ್ಲಿ ನಾನೂ ನಿನ್ನ ಕಾಕೂ ಆರಾಮವಾಗಿದ್ದೇವೆ. ನನ್ನ ಟೈಪಿಂಗ್ ಅಂಗಡಿಯೂ ತನ್ನ ಪಾಡಿಗೆ ನಡೆದಿದೆ. ನೀನು ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೆ ಅರ್ಧವೂ ಮುಟ್ಟಿರಲಿಲ್ಲ. ಚೀಟಿ ಬರೆದು ಕಳಿಸಿದೆ, ಒಳ್ಳೆಯದಾಯಿತು. ಕಿವಿ ರಾಜೀನಾಮೆ ಕೊಟ್ಟರೂ ಕಣ್ಣು ಇನ್ನೂ ನೌಕರಿಯಲ್ಲಿವೆ.

ಮಾದನಹಿಪ್ಪರಗಾದ ನಿಮ್ಮ ಪಡಸಾಲೆಯಲ್ಲಿ ನೀನೇ ಒಂದು ಅಂಗಡಿ ಹಾಕಬೇಕು ಅಂತೀ. ಒಂದು ಅರ್ಜಿ ಬರೆಸಲು ಊರಿನ ಮಂದಿ ಆಳಂದದ ಬಸ್ ಹತ್ತುವುದು ನಿಲ್ಲಬೇಕು ಅಂತೀ. ಓದಿ ಎದೆ ತುಂಬಿತು. ನಿನ್ನ ಗಂಡ ಅರುಣಕುಮಾರ ಹ್ಞೂಂ ಅಂದಿದ್ದಾನೆ, ಅತ್ತೆ ಸಾಬವ್ವನವರು ಮಾತ್ರ ‘ನೋಡೂಣು’ ಅಂದಿದ್ದಾರೆ ಎಂದು ಬರೆದಿದ್ದೀ. ಆ ಮನೆಯ ಗೋಡೆಗೆ ಒಂದು ಮೊಳೆ ಹೋಗಬೇಕಾದರೂ ಅವರ ಹ್ಞೂಂ ಬೇಕೆಂದು ನನಗೆ ಗೊತ್ತು. ಅವರ ಮನಸ್ಸು ನೋಯದಂತೆ ನಡೆ.

ಯಾವ ಕಂಪ್ಯೂಟರ್ ತಗೊಳ್ಳಲಿ ಎಂದು ಕೇಳಿದ್ದೀ. ನಾನು ಇದನ್ನು ಯಾವ ಕಾಲೇಜಿನಲ್ಲೂ ಕಲಿತವನಲ್ಲ, ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ಟೈಪರೈಟರ್ ಬಡಿಯುತ್ತ ಈ ಕಡೆ ಬಂದವನು. ಇಟ್ಟುಕೊಂಡು ಕಳೆದುಕೊಂಡವೇ ನನಗೆ ಕಲಿಸಿದ್ದು.

ಮೊದಲನೆಯದು ಕಲಬುರಗಿಯ ಯಾವುದೋ ಆಫೀಸು ಬೇಡವೆಂದು ಬಿಟ್ಟದ್ದು. ಆಫೀಸಿನಿಂದ ಬಂದದ್ದಕ್ಕೆ ಅದನ್ನು ‘ಸಾಹೇಬ’ ಅನ್ನುತ್ತಿದ್ದೆವು. ಬೆನ್ನು ಜೋಳದ ಗುಮ್ಮಿಯಷ್ಟು ದಪ್ಪ. ಗುಂಡಿ ಒತ್ತಿ, ಹೋಗಿ ಚಹಾ ಕುಡಿದು ಬಂದರೂ ಎದ್ದಿರುತ್ತಿರಲಿಲ್ಲ. ಒಂದು ಸಂಜೆ ಸಿಡಿಲು ಟೆಲಿಫೋನ್ ತಂತಿಯೊಳಗೆ ಹಾದು ಬಂದು ಸಾಹೇಬನನ್ನು ಒಯ್ದಿತು. ಅದಕ್ಕೇ ಹೇಳುತ್ತೇನೆ, ಮೋಡ ಕಂಡೊಡನೆ ಎಲ್ಲ ತಂತಿ ಕಿತ್ತುಬಿಡು.

ಎರಡನೆಯದು ಕೋರಾ ಹೊಸದು. ಅದು ‘ರಾಣಿ’. ಗಾಜಿನ ಬಾಗಿಲ ಹಿಂದೆ, ಮೇಲಿನ ಪ್ಲಾಸ್ಟಿಕ್ಕನ್ನೂ ಹರಿಯದೆ ಇಟ್ಟಿದ್ದೆವು. ಬಂದವರೆಲ್ಲ ‘ಎಷ್ಟ್ ಚಂದ ಅದರಿ!’ ಎನ್ನುವವರೇ. ಒಳಗೆ ಬೆಚ್ಚಗಿದೆಯೆಂದು ಹಲ್ಲಿಯೊಂದು ಸಂಸಾರ ಹೂಡಿತು. ಒಂದು ದಿನ ಟಪ್ ಅಂದಿತು. ಹಲ್ಲಿಯೂ ಹೋಯಿತು, ರಾಣಿಯೂ ಹೋದಳು. ನಿನ್ನದನ್ನು ಗೋಡೆಗೆ ತಾಗಿಸಿ ಇಡಬೇಡ.

ಮಡಚುವ ಲ್ಯಾಪ್‌ಟಾಪ್ ನಿನಗೆ ಬೇಡ. ನನ್ನ ಮಗ ಗುರುನಾಥ ತಂದುಕೊಟ್ಟದ್ದು ನನ್ನ ಹತ್ತಿರ ಇದೆ, ಅದರಲ್ಲೇ ಹೇಗೋ ನಡೆಸಿದ್ದೇನೆ. ಅದಕ್ಕೆ ನಾವು ಹೆಸರೂ ಇಡಲಿಲ್ಲ. ಒಂದು ಗುಂಡಿ ಕೆಟ್ಟರೆ ಇಡೀ ದೇಹವನ್ನೇ ಬದಲಿಸಿರಿ ಅನ್ನುತ್ತಾರೆ. ನೀನು ಬಿಚ್ಚಲು ಬರುವಂಥದ್ದನ್ನು ತಗೋ. ಕರೆಂಟು ಹೋದಾಗ ಬರೆದದ್ದು ಅಳಿಯದಂತೆ ಯುಪಿಎಸ್ ಇರಲಿ. ಇನ್ನೊಂದು ಮಾತು, ಹಿಂಬದಿಯಲ್ಲಿ ನೇರಳೆ ಬಣ್ಣದ ಒಂದು ದುಂಡು ಕಂಡಿ ಇದೆಯೇ ಎಂದು ಕೇಳು. ಈಗಿನವುಗಳಲ್ಲಿ ಅಪರೂಪ. ಇದ್ದರೆ ಅದನ್ನೇ ತಗೋ. ಕಾರಣ ಆಮೇಲೆ ಹೇಳುತ್ತೇನೆ.

ಈ ಹಾಳೆಯನ್ನು ಆಳಂದದ ಅಂಗಡಿಯವನಿಗೆ ತೋರಿಸು. ನಮ್ಮ ಮೂರನೆಯ ಕಂಪ್ಯೂಟರಿನ ಮಾತು ಅವನ ಮುಂದೆ ಆಡುವಂಥದ್ದಲ್ಲ. ಅದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ.

(ಎರಡನೆಯ ಹಾಳೆ)

ಇದು ನಿನಗಷ್ಟೇ. ಯಾರಿಗೂ ತೋರಿಸಬೇಡ, ನನ್ನನ್ನು ಮಳ್ಳ ಅಂದಾರು.

ತಿಪ್ಪಣ್ಣನ ನೆನಪು ನಿನಗೂ ಆಗುತ್ತದೆಯೇ ಸಪ್ನಾ? ನಿಮ್ಮಪ್ಪ, ನನ್ನ ಅಣ್ಣ ದೇವಾನಂದ ತೀರಿಕೊಂಡ ವರ್ಷ ನಮ್ಮ ಮನೆಗೆ ಬಂದೆ. ಯಾರ ಜೊತೆಗೂ ಮಾತಿಲ್ಲ. ಮೊದಲು ಬಾಯಿ ಬಿಟ್ಟದ್ದು ಅವನ ಮುಂದೆ. ಶಾಲೆಯಿಂದ ಬಂದು ಚೀಲ ಒಗೆದು ಅವನ ಎದುರು ಕುಳಿತರೆ, ಊಟಕ್ಕೆ ಕಾಕು ರಟ್ಟೆ ಹಿಡಿದು ಎಬ್ಬಿಸಬೇಕಿತ್ತು. ಅವನು ಮುನಿಸಿಕೊಂಡರೆ ಬೆನ್ನಿಗೊಂದು ಗುದ್ದಿ, ‘ಏಳೋ ತಿಪ್ಪಣ್ಣಾ, ನಖರಾ ಮಾಡಬ್ಯಾಡ’ ಅನ್ನುತ್ತಿದ್ದೆ. ಯಾರು ಕರೆದರೂ ಏಳದವನು ನಿನ್ನ ಕೈ ಬಿದ್ದೊಡನೆ ಏಳುತ್ತಿದ್ದ. ಮದುವೆಯ ದಿನ ಅರಿಷಿಣದ ಕೈಯಲ್ಲೇ ಹಂದರದಿಂದ ಎದ್ದು ಹೋಗಿ, ಅವನ ತಲೆ ಮುಟ್ಟಿ ಅತ್ತು ಬಂದೆ. ಬೀಗರು ಯಾರೂ ನೋಡಲಿಲ್ಲ, ನಾನು ನೋಡಿದೆ.

ಅವನು ಈಗಲೂ ನಮ್ಮ ಮನೆಯ ಮೂಲೆಯಲ್ಲಿದ್ದಾನೆ. ಕಾಕು ಹಳೆಯ ಅರಿವೆಯ ತುಂಡು ಕೂಡಿಸಿ ಹೊಲಿದ ಕೌದಿ ಹೊದ್ದು ಸುಮ್ಮನೆ ಕುಳಿತಿದ್ದಾನೆ. ನೀನು ಬಂದು ಒಮ್ಮೆ ಮುಟ್ಟಿದರೆ ಎದ್ದಾನೇನೋ ಎಂಬುದು ನನ್ನ ಹುಚ್ಚು.

ನಿನ್ನ ಕಾಕಾ
ಪೀರಪ್ಪ



ಮಾದನಹಿಪ್ಪರಗಾ
27 ಜನವರಿ 2024

ಕಾಕಾ ಅವರಿಗೆ ಸಪ್ನಾ ಮಾಡುವ ಜೈಭೀಮ.

ನಾವೆಲ್ಲ ಆರಾಮ. ತೊಗರಿ ರಾಶಿ ಮುಗಿಯಿತು. ಅದಕ್ಕೇ ಪತ್ರ ತಡವಾಯಿತು.

ಮೊದಲ ಹಾಳೆಯನ್ನು ಆಳಂದಕ್ಕೆ ಒಯ್ದು ತೋರಿಸಿದೆ. ದುಂಡು ಕಂಡಿ ಎಂದೊಡನೆ ಅಂಗಡಿಯವರು ನಕ್ಕರು. ‘ಈ ಕಾಲದಾಗ ಅದನ್ನ ಯಾರ್ ಕೇಳ್ತಾರಕ್ಕಾ?’ ಅಂದರು. ಆಮೇಲೆ ಹುಡುಕಿ, ಒಂದರಲ್ಲಿ ಇದೆ, ತೆಗೆದಿಡುತ್ತೇನೆ ಅಂದರು.

ಆದರೆ ಅಂಗಡಿಯ ವಿಚಾರ ಸದ್ಯಕ್ಕೆ ಬಿಟ್ಟಿದ್ದೇನೆ. ನಾನು ಆಳಂದಕ್ಕೆ ಹೋದಾಗ ಎರಡನೆಯ ಹಾಳೆ ಗೋಡೆಯ ಗೂಡಿನಲ್ಲಿ ಉಳಿದಿತ್ತು. ಅತ್ತೆ ಅದನ್ನು ಪಕ್ಕದ ಮನೆಯ ನಿಂಬೆವ್ವನ ಕೈಲಿ ಓದಿಸಿ ಕೇಳಿದ್ದಾರೆ. ತಿಪ್ಪಣ್ಣನ ಸಂಗತಿ ಅವರಿಗೆ ಸರಿಬರಲಿಲ್ಲ. ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. ಇನ್ನು ಮುಂದೆ ಪತ್ರದಲ್ಲಿ ಅವನ ಹೆಸರು ಬರೆಯಬೇಡಿರಿ, ಕಾಕಾ. ಇಷ್ಟು ಕೇಳಿಕೊಳ್ಳುತ್ತೇನೆ.

ಭಾಗಮ್ಮ ಕಾಕುಗೆ ನನ್ನ ನಮಸ್ಕಾರ.

ಸಪ್ನಾ



ಅಫಜಲಪುರ
3 ಫೆಬ್ರುವರಿ 2024

ಚಿ. ಸೌ. ಸಪ್ನಾಳಿಗೆ ಆಶೀರ್ವಾದ.

ಈ ಪತ್ರವನ್ನು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನ ಪತ್ರವನ್ನು ಓದಿ ಮಡಚಿಟ್ಟು, ಮತ್ತೆ ತೆಗೆದು ಓದಿದೆ. ತಿಪ್ಪಣ್ಣನ ಹೆಸರು ಬರೆಯಬೇಡಿರಿ ಅಂತೀಯಲ್ಲ, ಆ ಹೆಸರು ನಿಮ್ಮ ಮನೆಗೆ ಕೀಳೆನಿಸಿತೇ? ಅವನು ಹೊಸಬನಲ್ಲ, ನಾಲ್ಕು ಕಡೆಯ ಚೂರು ಕೂಡಿಸಿ ಮಾಡಿದವನು, ಅದಕ್ಕೆ ನಾಚಿಕೆಯಾಯಿತೇ? ಬೀಗರಿಗೆ ಆಗಿದ್ದರೆ ತಾಳಿಕೊಂಡೇನು. ಅವನ ಮುಂದೆ ಕುಳಿತು ‘ಅ ಆ’ ಒತ್ತಿದವಳು ನೀನು. ನಮ್ಮ ಹಿರಿಯರ ಹೆಸರುಗಳನ್ನು ಊರವರು ಹೇಗೆ ಕೀಳಾಗಿ ಕರೆಯುತ್ತಿದ್ದರೆಂದು ನಿನಗೆ ಹೇಳಿದ್ದೇನೆ. ಹೆಸರಿಗೆ ನಾಚುವ ಪಾಠವನ್ನು ನಾನು ನಿನಗೆ ಕಲಿಸಿದವನಲ್ಲ.

ನೀನು ಬೇಡವೆಂದರೂ ಈ ಒಂದು ಸಲ ಬರೆಯುತ್ತೇನೆ. ಸಾಬವ್ವನವರಿಗೂ ಓದಿ ಹೇಳು. ನನಗೆ ಮುಚ್ಚುಮರೆ ಏನಿಲ್ಲ.

ಸಾಹೇಬ ಹೋಗಿ, ರಾಣಿಯೂ ಹೋದ ಮೇಲೆ ನಾನು ತಲೆಗೆ ಕೈಹೊತ್ತು ಕುಳಿತಿದ್ದೆ. ರೇಡಿಯೋ ರಿಪೇರಿಯ ಗೌಸಮೊಹಿದ್ದೀನ ಬಂದು ಸತ್ತ ಎರಡನ್ನೂ ಬಿಚ್ಚಿ ಹರವಿದ. ‘ಪೀರಣ್ಣಾ, ಇದರ ಕಾಲು, ಅದರ ತಲಿ. ಕೂಡಸ್ತೀನಿ. ಜೀವ ಬಂದ್ರ ನಿನ್ನ ನಸೀಬು’ ಅಂದ. ಮೇಲಿನ ತಗಡಿನ ಮುಚ್ಚಳವೂ ಇರಲಿಲ್ಲ, ಬಿಸಿಯಾಗದಿರಲೆಂದು ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟ. ಗುಂಡಿ ಒತ್ತಿದ. ಪರದೆ ಬೆಳ್ಳಗಾಯಿತು. ‘ಈಗ ಇದಕ್ಕ ಒಂದು ಚಂದ ಹೆಸರು…’ ಎಂದು ನಾನು ಬಾಯಿ ತೆರೆದೆ. ನಿನ್ನ ಕಾಕು ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

‘ಬಾಯಿ ಮುಚ್ಚರಿ! ಸಾಹೇಬ ಅಂದ್ರಿ, ಹೋತು. ರಾಣಿ ಅಂದ್ರಿ, ಹೋತು. ಎರಡು ಹೋದ ಮನ್ಯಾಗ ಮೂರನೇದಕ್ಕ ಯಾರರೆ ಚಂದ ಹೆಸರಿಡ್ತಾರೇನು? ತಿಪ್ಪಣ್ಣ ಅನ್ರಿ. ಸಾವು ಬಂದು ನೋಡಿದ್ರ, ಛೀ, ಇದೆಂಥಾ ತಿಪ್ಪಿಯಾಗಿನ ಕೂಸು ಅಂತ ಮೂಗು ಮುಚಗೊಂಡು ಹೋಗಬೇಕು.’

ಹಾಗೆ ಹೇಳಿ ಒಲೆಯ ಬೂದಿ ತಂದು ಅದರ ನೆತ್ತಿಗೆ ಸವರಿದಳು. ನನಗೆ ನಗು ಬಂತು, ಗೌಸಮೊಹಿದ್ದೀನನಿಗೆ ಬರಲಿಲ್ಲ. ‘ಭಾಬಿ ಹೇಳೂದು ಖರೇ ಅದ’ ಅಂದ. ನಾನೂ ಅಂಥದೇ ಕೂಸಲ್ಲವೇ? ನಿಮ್ಮಪ್ಪನ ಬೆನ್ನಿಗೆ ಹುಟ್ಟಿದ ಎರಡು ಉಳಿಯಲಿಲ್ಲ. ಅವ್ವ ದರ್ಗಾದ ಹೊಸ್ತಿಲಿಗೆ ಹಣೆ ಹಚ್ಚಿ ಬೇಡಿದಳು, ನಾನು ಪೀರಪ್ಪನಾಗಿ ಉಳಿದೆ. ತಿಪ್ಪಣ್ಣನೂ ಉಳಿದ. ನಿನ್ನ ಶಾಲೆ ಮುಗಿದು, ಕಾಲೇಜು ಮುಗಿದು, ಮದುವೆಯಾಗುವ ತನಕ ಉಳಿದ. ಹೊಸ ಕಂಪ್ಯೂಟರ್ ಇಟ್ಟವರ ಅಂಗಡಿಗಳೆಲ್ಲ ಮುಚ್ಚಿದವು, ಅವನು ಫ್ಯಾನಿನ ಗಾಳಿಯಲ್ಲಿ ನಡೆದ.

ದುಂಡು ಕಂಡಿಯ ಕಾರಣವನ್ನೂ ಹೇಳಿಬಿಡುತ್ತೇನೆ. ತಿಪ್ಪಣ್ಣನ ಕೀಬೋರ್ಡ್ ಇನ್ನೂ ಜೀವ ಹಿಡಿದಿದೆ. ನಿನ್ನ ಕಾಕು ಉಗುರುಬಣ್ಣದಲ್ಲಿ ಕನ್ನಡ ಅಕ್ಷರ ಬರೆದಿದ್ದಳಲ್ಲ, ಅದೇ. ಅದರ ತಂತಿಯ ಬಾಲ ದುಂಡಗಿದೆ, ಆ ಕಂಡಿಗೇ ಕೂಡುವುದು. ನಿನ್ನ ಹೊಸದಕ್ಕೆ ಕೊಡೋಣವೆಂದು ಒರೆಸಿ ಇಟ್ಟಿದ್ದೆ. ಈಗ ಬೇಡವಾಯಿತು. ಗುಜರಿಯ ಮಸೂದ ಅಮಾವಾಸ್ಯೆ ಕಳೆದ ಮೇಲೆ ಈ ಓಣಿಗೆ ಬರುತ್ತಾನೆ. ತಿಪ್ಪಣ್ಣನನ್ನೂ ಕೀಬೋರ್ಡನ್ನೂ ಅವನ ಗಾಡಿಗೆ ಹಾಕುತ್ತೇನೆ. ಮೂಲೆ ಖಾಲಿಯಾಗಲಿ.

ನಿನ್ನ ಅಂಗಡಿಯ ಮಾತನ್ನು ನಾನಾಗಿ ಇನ್ನು ಎತ್ತುವುದಿಲ್ಲ.

ಪೀರಪ್ಪ



ಮಾದನಹಿಪ್ಪರಗಾ
8 ಫೆಬ್ರುವರಿ 2024

ಅಫಜಲಪುರದ ಬೀಗರಿಗೆ ಸಾಬವ್ವ ಬರೆಸುವುದು. ಹೇಳಿದ್ದನ್ನ ಹೇಳಿದಂಗ ಬರೀಬೇಕಂತ ಮಗಗ ಆಣಿ ಹಾಕೇನಿ.

ಬೀಗರ, ಆ ಮಸೂದ ನಿಮ್ಮ ಬಾಗಲಿಗೆ ಬಂದಾನೇನು? ಬಂದಿದ್ರ ಚಹಾ ಕುಡಿಸಿ ಹೊಳ್ಳಿ ಕಳಸ್ರಿ. ತಿಪ್ಪಣ್ಣಗ ಕೈ ಹಚ್ಚಗೊಡಬ್ಯಾಡ್ರಿ. ಮೊದಲ ಇದು, ಉಳದದ್ದು ಆಮ್ಯಾಲ.

ಗಲತಿ ನಿಮ್ಮದೂ ಅಲ್ಲ, ನಮ್ಮದೂ ಅಲ್ಲ, ಆ ಎರಡನೇ ಹಾಳಿದು. ಮೊದಲನೇ ಹಾಳಿ ಸಪ್ನಾನ ಸಂಗಾಟ ಆಳಂದಕ್ಕ ಹೋಗಿತ್ತು. ನಿಂಬೆವ್ವ ಒಂದೊಂದ ಅಕ್ಷರ ಕೂಡಿಸಿ ಓದಾಕತ್ತಿದ್ಲು. ‘ಇದು ನಿನಗಷ್ಟೇ, ಯಾರಿಗೂ ತೋರಿಸಬೇಡ’ ಅಂತ ಸುರು ಆತು. ನಾ ಎದ್ದು ಬಾಗಲಾ ಮುಂದ ಮಾಡಿದೆ. ಮುಂದ ತಿಪ್ಪಣ್ಣ. ಅವನ ಮುಂದ ಕುಂತ್ರ ಊಟ ಬ್ಯಾಡ, ಅವನ ಬೆನ್ನಿಗಿ ಗುದ್ದು, ಅವನ ತಲಿ ಮುಟ್ಟಿ ಅಳೂದು, ಅದೂ ಅರಿಷಿಣದ ಕೈಲೆ! ನಿಂಬೆವ್ವ ಓದೂದ ಬಿಟ್ಟು ನನ್ನ ಮಾರಿ ನೋಡಿ ‘ಯಾರ್ ಬೇ ಇವ?’ ಅಂದ್ಲು.

ಸಪ್ನಾ ಬಂದು ‘ಅತ್ತಿ, ಅದು ಕಂಪ್ಯೂಟರ್’ ಅಂದ್ಲು. ‘ಎದಕ್ಕ ಸುಳ್ಳ ಹೇಳ್ತೀ ಬೇ? ಕಂಪ್ಯೂಟರ್ ಎಲ್ಲರೆ ಕೌದಿ ಹೊಚಗೊಂಡು ಕುಂಡರ್ತದೇನು?’ ಅಂದೆ. ನೀವೇ ಹೇಳ್ರಿ, ನೀವಿದ್ರ ನಂಬ್ತಿದ್ರೇನು? ಈ ನನ್ನ ಮಗ ಎರಡ ದಿನ ಉಣ್ಣಲಿಲ್ಲ.

(ಉಂಡಿದ್ದೇನೆ. ದಾಲ್ ಮಿಲ್ಲಿನ ಕ್ಯಾಂಟೀನಿನಲ್ಲಿ. ನನಗೆ ಸಪ್ನಾಳ ಮೇಲೆ ಸಂಶಯ ಇರಲಿಲ್ಲ. ಆ ತಿಪ್ಪಣ್ಣ ಯಾರೆಂದು ಒಮ್ಮೆ ನೋಡಬೇಕು ಅನಿಸಿತ್ತು, ಅಷ್ಟೇ. ಇಂತಿ ಅರುಣಕುಮಾರ.)

ನಿಮ್ಮ ಸಿಟ್ಟಿನ ಪತ್ರ ಬಂತು. ನೀವು ಓದಿ ಹೇಳು ಅಂದೀರಂತ ಸಪ್ನಾ ಓದಿದ್ಲು. ನಾ ಮೊರದಾಗ ಬ್ಯಾಳಿ ಕೇರಾಕತ್ತಿದ್ದೆ. ‘ಎರಡು ಹೋದ ಮನ್ಯಾಗ ಮೂರನೇದಕ್ಕ’ ಅಂತ ಬಂತ ನೋಡ್ರಿ, ಮೊರ ಕೆಳಗ ಇಟ್ಟೆ. ನನಗೂ ಎರಡು ಕೂಸು ಹೋಗ್ಯಾವ್ರಿ ಬೀಗರ. ಮೂರನೇದು ಇವ. ಇವನರೆ ಉಳೀಲಿ ಅಂತ ತಿಪ್ಪಿ ಮ್ಯಾಲ ಹೊಳ್ಳಾಡಸಿ, ಒಂದ್ ಮೊರ ತೌಡಿಗಿ ನಿಂಬೆವ್ವನ ಅತ್ತಿಗಿ ಮಾರಿ, ಹೊಳ್ಳಿ ತಗೊಂಡೇನಿ. ಅರುಣಕುಮಾರ ಅಂಬೋದು ಶಾಲಿ ಮಾಸ್ತರ ಬರದದ್ದು. ನಾ ಇಟ್ಟ ಹೆಸರು ಹುಚ್ಚಪ್ಪ.

(ಇದನ್ನು ಬರೆಯುವುದಿಲ್ಲ ಎಂದೆ. ಬರೆ ಎಂದಳು.)

ಸತ್ತ ತಗಡಿಗೆ ಕೂಸಿನಂಗ ಹೆಸರಿಟ್ಟು ಉಳಿಸಿಕೊಂಡ ಮನಿ ನಿಮ್ಮದು. ಅಂಥಾ ಮನಿ ಹುಡುಗಿಗೆ ಅಂಗಡಿ ಬ್ಯಾಡ ಅನ್ನಾಕ ನಾ ಯಾರು? ಪಡಸಾಲಿ ಸಾರಸ್ತೇನಿ. ಆದ್ರ ಒಂದ್ ಮಾತು, ಹೊಸಾದು ಬರೀ ಮೈಲೆ ನಮ್ಮ ಹೊಸ್ತಲಾ ದಾಟಂಗಿಲ್ಲ. ಕೂಸಿಗಿ ಮೊದಲ ಹಿರ‍್ಯಾರ ಹಳೇ ಅರಿವಿ ಸುತ್ತತೀವಲ್ಲ, ಹಂಗ. ತಿಪ್ಪಣ್ಣನ ಕೌದಿ ಕಳಸ್ರಿ. ಅವನ ಅಕ್ಷರದ ಹಲಗಿನೂ ಕಳಸ್ರಿ. ಭಾಗಮ್ಮಗ ನನ್ನ ಶರಣು.

ಕಾಕಾ, ಕೆಳಗಿನ ಜಾಗದಲ್ಲಿ ನಾನು ಸಪ್ನಾ. ಜಗಳದ ಸುದ್ದಿ ಬರೆದರೆ ನೀವು ನೊಂದುಕೊಳ್ಳುತ್ತೀರಿ ಎಂದು ಮುಚ್ಚಿಟ್ಟೆ. ಮುಚ್ಚಿಟ್ಟದ್ದೇ ನಿಮ್ಮನ್ನು ಹೆಚ್ಚು ನೋಯಿಸಿತು. ಈಗ ನಾನೊಂದು ಕೇಳುತ್ತೇನೆ. ನಿಮ್ಮ ಮೊದಲ ಪತ್ರ ಅಚ್ಚಿನದು, ಎರಡನೆಯದು ಪೆನ್ನಿನದು. ಅಂಗಡಿ ನಡೆದಿದೆ ಅಂದಿದ್ದಿರಿ. ಲ್ಯಾಪ್‌ಟಾಪ್ ಹೇಗಿದೆ? ನೀವು ನಿಜ ಬರೆಯುವ ತನಕ ನಾನು ಆಳಂದಕ್ಕೆ ಹೋಗುವುದಿಲ್ಲ.



ಅಫಜಲಪುರ
14 ಫೆಬ್ರುವರಿ 2024

ಮಗಳು ಸಪ್ನಾಗೆ ಜೈಭೀಮ. ಬೀಗತಿಯವರಿಗೆ ಶರಣು. ಹುಚ್ಚಪ್ಪನವರಿಗೂ.

ಪತ್ರವನ್ನು ಗಟ್ಟಿಯಾಗಿ ಓದಿದೆ. ನಿನ್ನ ಕಾಕು ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಆಮೇಲೆ ನಗುವಿಲ್ಲದೆಯೂ ಒರೆಸಿಕೊಂಡಳು. ಮಸೂದ ಬಂದಿದ್ದ. ಚಹಾ ಕುಡಿದು, ಒಡೆದ ಕೊಡವೊಂದನ್ನು ಒಯ್ದ.

ನಿಜ ಬರೆ ಅಂದೆ. ಬರೆಯುತ್ತೇನೆ. ಲ್ಯಾಪ್‌ಟಾಪ್ ದೀಪಾವಳಿಗೆ ಮೊದಲೇ ಕಣ್ಣು ಮುಚ್ಚಿತು. ಅಂಗಡಿಯೂ ಮುಚ್ಚಿದೆ. ಬೀಗದ ಕೈ ಮಾತ್ರ ಈಗಲೂ ಉಡದಾರದಲ್ಲಿದೆ. ಮೊದಲ ಪತ್ರವನ್ನು ಬಸ್ ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಯಲ್ಲಿ ಕುಳಿತು ಟೈಪು ಮಾಡಿದೆ. ಕಂಪ್ಯೂಟರಿನ ಬುದ್ಧಿ ಹೇಳುವವನು ಪೆನ್ನು ಹಿಡಿದು ಹೇಳಿದರೆ ನೀನು ನಂಬುವುದು ಹೇಗೆ ಅನಿಸಿತು.

ಹೊಸದೊಂದು ತರೋಣವೆಂದು ನಾನೂ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಬಿಚ್ಚಲು ಬರಬೇಕು, ದುಂಡು ಕಂಡಿ ಇರಬೇಕು ಎಂದು ಎಲ್ಲ ಗೊತ್ತುಮಾಡಿಕೊಂಡಿದ್ದೆ. ಅಷ್ಟರಲ್ಲಿ ನಿನ್ನ ಚೀಟಿ ಬಂತು. ನನಗೆಂದು ಆರಿಸಿಟ್ಟದ್ದನ್ನೇ ನಿನಗೆ ಬರೆದು ಕಳಿಸಿದೆ. ಈ ವಯಸ್ಸಿನಲ್ಲಿ ನನಗೆ ಬೇರೆ ಯಾಕೆ? ಇದರಲ್ಲಿ ನನಗೆ ದುಃಖವಿಲ್ಲ. ಸ್ವಲ್ಪ ಇದೆ, ಅಷ್ಟೇ.

ಕೀಬೋರ್ಡನ್ನು ಗೌಸಮೊಹಿದ್ದೀನ ಬಿಚ್ಚಿ, ಒಳಗಿನ ಧೂಳು ತೆಗೆದು, ತಂತಿ ನೋಡಿ, ‘ಇನ್ನೊಂದು ಮದುವಿ ಮಾಡ್ಕೊಳ್ಳಾಕ ತಯಾರ ಅದ’ ಅಂದ. ಕೌದಿಯನ್ನು ನಿನ್ನ ಕಾಕು ಒಗೆದು ಬಿಸಿಲಿಗೆ ಹಾಕಿದ್ದಾಳೆ. ಎರಡನ್ನೂ ಗುರುನಾಥನ ಕೈಲಿ ಕೊಟ್ಟು ಕಳಿಸುತ್ತೇನೆ. ನೀನು ಆಳಂದಕ್ಕೆ ಹೋಗು.

ನಿನ್ನ ಕಾಕಾ



ಮಾದನಹಿಪ್ಪರಗಾ
1 ಮಾರ್ಚ್ 2024

ಕಾಕಾ, ಕಾಕು, ಇಬ್ಬರಿಗೂ ಜೈಭೀಮ.

ಈ ಪತ್ರ ಅಚ್ಚಿನದು, ನೋಡಿದಿರಾ?

ಅತ್ತೆ ಹೇಳಿದಂತೆಯೇ ಮಾಡಿದೆವು. ಹೊಸ ಕಂಪ್ಯೂಟರಿನ ಡಬ್ಬಿಯನ್ನು ಹೊಸ್ತಿಲ ಹೊರಗೆ ಇಳಿಸಿ, ಅಲ್ಲೇ ಬಿಚ್ಚಿ, ಕೌದಿ ಸುತ್ತಿ ಒಳಗೆ ತಂದೆವು. ಇವರು ಕೂಸು ಎತ್ತಿಕೊಂಡವರಂತೆ ಎದೆಗೆ ಅವಚಿಕೊಂಡು ತಂದರು. ಕೌದಿಯಲ್ಲಿ ನನ್ನ ಶಾಲೆಯ ನೀಲಿ ಲಂಗದ ತುಂಡೊಂದು ಇದೆ. ಅದು ಅಲ್ಲಿದೆ ಎಂದು ನನಗೆ ಮರೆತೇಹೋಗಿತ್ತು.

ತಿಪ್ಪಣ್ಣನ ಹಲಗೆಯ ಬಾಲ ದುಂಡು ಕಂಡಿಯಲ್ಲಿ ಟಕ್ ಎಂದು ಕುಳಿತಿತು. ಉಗುರುಬಣ್ಣ ಅಲ್ಲಲ್ಲಿ ಹೋಗಿದೆ, ಆದರೆ ಬೆರಳಿಗೆ ದಾರಿ ಗೊತ್ತಿದೆ. ಮೊದಲು ಅಪ್ಪನ ಹೆಸರು ಬರೆದೆ. ಆಮೇಲೆ ನಿಂಬೆವ್ವ ಬಂದಳು. ‘ತಿಪ್ಪಣ್ಣ ಅಂಬಾವ ಇವನೇನು? ಭಾರೀ ಬೆಳ್ಳಗ ಇದ್ದಾನ’ ಎಂದು ನೋಡಿ, ತನ್ನ ಪಿಂಚಣಿಯ ಅರ್ಜಿ ಬರೆಸಿದಳು.

ಇದಕ್ಕೂ ಹೆಸರು ಬೇಕೆಂದು ಅತ್ತೆ ಕುಳಿತುಬಿಟ್ಟರು. ‘ತಿಪ್ಪವ್ವ ಅನ್ನಲೇನ್ರಿ?’ ಎಂದೆ. ಅದಕ್ಕೆ ಅವರು, ‘ಬ್ಯಾಡ. ಇದು ಅಣ್ಣನ ಅರಿವಿ ತೊಟ್ಟು ಬಂದಾದ, ಇದಕ್ಕ ಯಾರ ಅಂಜಿಕಿ? ಉಳಸಿದಾಕಿ ಹೆಸರ ಇಡೂಣು. ಭಾಗಮ್ಮ’ ಅಂದರು. ಈಗ ಓಣಿಯವರೆಲ್ಲ ‘ಭಾಗಮ್ಮ ಎದ್ದಾಳೇನು?’ ಎಂದು ಕೇಳಿಕೊಂಡು ಬರುತ್ತಾರೆ.

ಕಾಕಾ, ಪಡಸಾಲೆಯಲ್ಲಿ ಎರಡು ಕುರ್ಚಿ ಹಾಕಿದ್ದೇವೆ. ನನಗೆ ಟೈಪು ಬರುತ್ತದೆ. ಎದುರಿಗೆ ಕುಳಿತವರು ಅಳುತ್ತ ಹೇಳಿದ್ದನ್ನು ಅರ್ಜಿಯ ಮಾತಾಗಿ ತಿರುಗಿಸುವುದು ಬರುವುದಿಲ್ಲ. ನಿಂಬೆವ್ವನದನ್ನೇ ಎಷ್ಟು ಸಲ ಅಳಿಸಿ ಬರೆದೆನೋ. ಸಂತೆಯ ದಿನವಾದರೂ ಬನ್ನಿ. ಅತ್ತೆ ಹೇಳುತ್ತಿದ್ದಾರೆ, ‘ಬೀಗರಿಗೆ ಹೇಳು, ಕುರ್ಚಿ ಖಾಲಿ ಇಡೂದು ನಮ್ಮ ಮನಿಗೆ ಬರಂಗಿಲ್ಲ.’

ಸಪ್ನಾ



ಅಫಜಲಪುರ
7 ಮಾರ್ಚ್ 2024

ಮಗಳು ಸಪ್ನಾಗೆ ಕಾಕಾನ ಜೈಭೀಮ.

ನಿನ್ನ ಪತ್ರವನ್ನು ಗಟ್ಟಿಯಾಗಿ ಓದುತ್ತಿದ್ದೆ. ಹೆಸರಿನ ಸಾಲು ಬಂದಾಗ ನಿನ್ನ ಕಾಕು ರೊಟ್ಟಿ ಬಡಿಯುತ್ತಿದ್ದಳು. ಬಡಿತ ನಿಂತಿತು. ಹೆಂಚಿನ ಮೇಲಿನದು ಕರಿದಾಗುವುದನ್ನೂ ನೋಡದೆ ಅಂದಳು, ‘ಸಪ್ನಾಗ ಬರೀರಿ. ಏಳಲಿಲ್ಲಂದ್ರ ತಿಪ್ಪಣ್ಣಗ ಗುದ್ದಿದಂಗ ಆಕಿಗಿ ಗುದ್ದಬ್ಯಾಡ ಅನ್ರಿ. ಹೆಸರ ಹಿಡದು ಮೆಲ್ಲಕ ಕರದ್ರ ಏಳ್ತಾಳ.’

‘ನಾ ಕರದ್ರ?’ ಅಂದೆ.

‘ನಿಮ್ಮ ಬಾಯಿಲೆ ನನ್ನ ಹೆಸರ ಯಾವಾಗ ಬಂದದ? ಲಗ್ನ ಆದಾಗಿಂದ ಏ, ಏನ, ಕೇಳ್ತೇನ, ಅಷ್ಟ’ ಅಂದಳು. ಸುಳ್ಳಲ್ಲ. ಗಂಡ ಹೆಂಡತಿ ಹೆಸರು ಹಿಡಿದು ಕರೆಯುವ ರೂಢಿ ನಮ್ಮ ಕಾಲದಲ್ಲಿ ಇರಲಿಲ್ಲ. ನನ್ನ ಎಲ್ಲ ಪತ್ರ ತೆಗೆದು ನೋಡು, ನಿನ್ನ ಕಾಕು ಎಂದೇ ಬರೆದಿದ್ದೇನೆ. ಈ ಪತ್ರದಲ್ಲೂ ಕೈ ಓಡಲೊಲ್ಲದು.

ಸಂತೆಯ ದಿನ ಮೊದಲ ಬಸ್ಸಿಗೆ ಬರುತ್ತೇನೆ. ಅವಳನ್ನೂ ಕರೆತರುತ್ತೇನೆ. ನಾನು ಬರುವ ತನಕ ಕಂಪ್ಯೂಟರನ್ನು ಹಚ್ಚಬೇಡ, ಕೌದಿ ಹೊದ್ದುಕೊಂಡೇ ಇರಲಿ. ಮಂದಿ ಕಾದರೆ ಕಾಯಲಿ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕುಳಿತು ಆ ಹೆಸರನ್ನು ಬಾಯಿಪಾಠ ಮಾಡುತ್ತೇನೆ. ಆಮೇಲೆ ನಿಮ್ಮ ಪಡಸಾಲೆಯಲ್ಲಿ, ಎಲ್ಲರ ಎದುರಿಗೆ, ಅವಳೂ ಕೇಳುವಂತೆ, ಒಮ್ಮೆ ಕರೆಯುತ್ತೇನೆ.

ನಿನ್ನ ಕಾಕಾ
ಪೀರಪ್ಪ